ವಿಜಯಪುರ ಸೀಮೆಯ ಮೂರು ಕಾವ್ಯಗಳೂ ಪ್ರತಿನಾಯಕನ ಪಾತ್ರವೂ

ಪಾತ್ರವೆಂಬ ಶಬ್ದವು ಪಾನಾರ್ಥಕವಾದ ಧಾತುವಿನಿಂದ ನಿಷ್ಪನ್ನವಾದುದು. ಯಾವುದರಿಂದ ಕುಡಿಯುವರೋ ಅದು ಪಾತ್ರ. ನಾಟ್ಯದಲ್ಲಿ ಬರುವ ವ್ಯಕ್ತಿಗಳಿಗೆ ಈ ಹೆಸರು ಏಕೆ ಸಂದಿತೆಂಬುದನ್ನು ವಿಚಾರಿಸುತ್ತ ಅಭಿನವಗುಪ್ತಾಚಾರ್ಯನು ಭರತಶಾಸ್ತ್ರದ ವ್ಯಾಖ್ಯಾನದಲ್ಲಿ ಸೊಗಸಾದ ಅಭಿಪ್ರಾಯವೊಂದನ್ನು ತಿಳಿಸಿರುವನು. ಬಟ್ಟಲಿಗೆ ತನ್ನೊಳಗಿನ ಪಾನೀಯದ ರುಚಿ ತಿಳಿಯದು. ಕುಡಿಯುವವನಿಗೆ ಮಾತ್ರ ಅದು ಉಪಾಯವಾಗುವುದು. ಅಂತೆಯೇ ರಸದ ಆಸ್ವಾದವಿರುವುದು ಸಹೃದಯನಲ್ಲಿ, ನಟನು ಅದಕ್ಕೆ ಉಪಾಯನು ಎಂಬುದು ಅವನ ಮತದ ಸಾರ. ಅದಕ್ಕೂ ಮೊದಲು ಶ್ರೀಶಂಕುಕನು ಚಿತ್ರತುರಗನ್ಯಾಯವನ್ನು ಹೇಳಿದ್ದನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡವನು ಅದನ್ನು ನಿಜವೆಂದು ನಂಬುವುದಿಲ್ಲ, ಸುಳ್ಳೆಂದು ತಳ್ಳುವುದಿಲ್ಲ, ಸಂಶಯಪಡುವುದೂ ಇಲ್ಲ. ಆದರೂ ಅವನಿಗೆ ಕುದುರೆಯೆಂಬ ಪ್ರತೀತಿಯುಂಟಾಗುವುದು. ಹೀಗಿರುವಲ್ಲಿ ಕಾವ್ಯದ ವ್ಯಕ್ತಿಯು ಭೂಮಿಯ ಮೇಲೆ ಎಂದಾದರೂ ನಡೆದಾಡಿದ್ದನೇ ಎಂಬ ಪ್ರಶ್ನೆಯನ್ನು ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಪಕ್ಕಕ್ಕಿಟ್ಟರೆಂದು ಹೇಳಬಹುದು.

ಆದರೆ ಗೋಡೆಯ ತುಂಬ ಕುದುರೆಗಳನ್ನು ಬರೆದಿದ್ದರೂ ಕಣ್ಣು ಒಂದರ ಮೇಲೆಯೇ ನಿಲ್ಲುವುದೇಕೆ? ಒಬ್ಬ ಕವಿಯ ರಾವಣನು ಓದುಗನ ಮನಸ್ಸಿನಲ್ಲಿ ಬಹುಕಾಲ ಉಳಿಯುವನು. ಮತ್ತೊಬ್ಬನ ರಾವಣನು ಹತ್ತು ತಲೆಗಳಿದ್ದರೂ ಪುಟ ತಿರುವಿದೊಡನೆ ಮಾಯವಾಗುವನು. ಇಲ್ಲದ ವ್ಯಕ್ತಿಗೆ ಅರ್ಥವನ್ನು ತಂದುಕೊಡುವುದು ಯಾವುದು? ಈ ಪ್ರಶ್ನೆಗೆ ಲಕ್ಷಣಗ್ರಂಥಗಳು ಕೊಡುವ ಉತ್ತರಕ್ಕಿಂತ ವಿಜಯಪುರ ಸೀಮೆಯ ಲಕ್ಷ್ಯಗ್ರಂಥಗಳು ಕೊಡುವ ಉತ್ತರವು ಹೆಚ್ಚು ಆಳವಾದುದು. ಕೆಲವು ಅಂಶಗಳಲ್ಲಿ ಅದಕ್ಕೆ ವಿರುದ್ಧವೂ ಆಗಿರುವುದು.

ಮೊದಲು ಸೀಮೆಯ ವಿಚಾರ. ವಿಜಯಪುರ ನಗರದಿಂದ ಪಶ್ಚಿಮಕ್ಕೆ ಅಥಣಿಯ ದಿಕ್ಕಿಗೆ ಹೊರಟರೆ ಐದಾರು ಕಿಲೋಮೀಟರುಗಳಲ್ಲಿ ತೊರವೆಯೂ ಅದೇ ದಾರಿಯಲ್ಲಿ ಮುಂದೆ ತಿಕೋಟಾ ಊರೂ ಸಿಗುವುವು. ನೈಋತ್ಯದ ದಾರಿಯು ಬಬಲೇಶ್ವರವನ್ನು ಹಾದು, ಗಲಗಲಿಯ ಬಳಿ ಕೃಷ್ಣೆಯನ್ನು ದಾಟಿ, ಮುಧೋಳಕ್ಕೆ ಮುಟ್ಟುವುದು. ತಿಕೋಟಾ, ಬಬಲೇಶ್ವರಗಳು ಬಹುಕಾಲ ವಿಜಯಪುರ ತಾಲೂಕಿನಲ್ಲಿಯೇ ಇದ್ದು ಇತ್ತೀಚೆಗೆ ಪ್ರತ್ಯೇಕ ತಾಲೂಕುಗಳಾದುವು. ಮುಧೋಳವು 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾದಾಗ ಅದಕ್ಕೆ ಸೇರಿತು. ಈ ಎರಡು ದಾರಿಗಳಲ್ಲಿಯೂ ಅವು ಕೂಡುವ ನಗರದಲ್ಲಿಯೂ ಕನ್ನಡದ ಮೂವರು ಮಹಾಕವಿಗಳ ನೆಲೆಗಳಿವೆ. ಮುಧೋಳವೆಂದರೆ ರನ್ನನ ಮುದುವೊಳಲು. ವಿಜಯಪುರದಲ್ಲಿ ಮಲ್ಲಿಜಿನೇಂದ್ರನ ಬಸದಿಯನ್ನು ಕಟ್ಟಿಸಿದವನು ಅಭಿನವಪಂಪನೆಂದು ಹೆಸರಾದ ನಾಗಚಂದ್ರ. ತೊರವೆಯ ನರಸಿಂಹನ ಅಂಕಿತದಲ್ಲಿ ರಾಮಾಯಣವನ್ನು ಬರೆದವನು ಕುಮಾರವಾಲ್ಮೀಕಿ. ಕಾಲದಿಂದ ಇವರು ದೂರದೂರದವರು, ಮತದಿಂದಲೂ ಒಂದೇ ಅಲ್ಲ. ಆದರೂ ಮೂವರ ಕೃತಿಗಳಲ್ಲಿಯೂ ಓದುಗನನ್ನು ಹಿಡಿದು ನಿಲ್ಲಿಸುವವನು ನಾಯಕನ ಎದುರಾಳಿಯೇ ಎಂಬುದು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ.

ಎದುರಾಳಿಗೆ ಶಾಸ್ತ್ರವು ಪ್ರತಿನಾಯಕನೆಂಬ ಹೆಸರಿಟ್ಟು ಲಕ್ಷಣವನ್ನು ಹೇಳಿದೆ. ಧನಂಜಯನ ದಶರೂಪಕದ ಪ್ರಕಾರ ಅವನು ಲೋಭಿ, ಧೀರೋದ್ಧತ, ಸ್ತಬ್ಧ ಎಂದರೆ ಹಿಡಿದ ಹಟವನ್ನು ಬಿಡದವನು, ಪಾಪಕಾರಿ, ವ್ಯಸನಾಸಕ್ತ. ಇದಕ್ಕೆ ಅವಲೋಕವೆಂಬ ವ್ಯಾಖ್ಯಾನವನ್ನು ಬರೆದ ಧನಿಕನು ಉದಾಹರಣೆಗಾಗಿ ಇಬ್ಬರನ್ನು ಹೆಸರಿಸಿರುವನು: ರಾಮನಿಗೆ ರಾವಣ, ಯುಧಿಷ್ಠಿರನಿಗೆ ದುರ್ಯೋಧನ. ದಶರೂಪಕವು ಹುಟ್ಟಿದುದು ಮಾಳವದ ಪರಮಾರ ದೊರೆಯಾದ ಮುಂಜನ ಸಭೆಯಲ್ಲಿ, 10ನೆಯ ಶತಮಾನದ ಕಡೆಯ ಭಾಗದಲ್ಲಿ. ಆ ಮುಂಜನನ್ನು ಸೋಲಿಸಿ ಕೊಂದವನು ಕಲ್ಯಾಣದ ಚಾಲುಕ್ಯವಂಶವನ್ನು ಪುನಃ ಸ್ಥಾಪಿಸಿದ ಎರಡನೆಯ ತೈಲಪ. ಈ ತೈಲಪನಾದರೋ 973ರಲ್ಲಿ ಸ್ವತಂತ್ರನಾಗುವ ಮುಂಚೆ ರಾಷ್ಟ್ರಕೂಟ ಚಕ್ರವರ್ತಿಯ ಸಾಮಂತನಾಗಿ ತರ್ದವಾಡಿ ಸಾಸಿರವನ್ನು ಅಣುಗಜೀವಿತವಾಗಿ ಆಳುತ್ತಿದ್ದನೆಂಬುದು ನರಸಲಗಿಯ 965ರ ಶಾಸನದಿಂದ ತಿಳಿದುಬರುವುದು. ವಿಜಯಪುರವು ಇರುವುದು ಆ ತರ್ದವಾಡಿ ನಾಡಿನಲ್ಲಿಯೇ. ಮುಂಜನ ಆಸ್ಥಾನದಲ್ಲಿ ಪ್ರತಿನಾಯಕನ ಲಕ್ಷಣವನ್ನು ಸೂತ್ರಿಸಿದ ಕಾಲದಲ್ಲಿಯೇ ಅವನನ್ನು ಗೆದ್ದವನ ರಾಜ್ಯದಲ್ಲಿ ಆ ಲಕ್ಷಣದ ಉದಾಹರಣೆಗಳಲ್ಲೊಂದನ್ನು ಒಬ್ಬ ಕವಿ ಬುಡಮೇಲು ಮಾಡುತ್ತಿದ್ದನು. ಖಡ್ಗದಿಂದ ಗೆದ್ದುದು ಎರಡೇ ತಲೆಮಾರುಗಳಲ್ಲಿ ಮರೆತುಹೋಯಿತು. ಲೇಖನಿಯಿಂದ ಗೆದ್ದುದು ಈಗಲೂ ನಿಂತಿದೆ.

ಆ ಕವಿ ರನ್ನ. ಬಳೆಗಾರರ ಕುಲದಲ್ಲಿ 949ರಲ್ಲಿ ಹುಟ್ಟಿ, 993ರಲ್ಲಿ ಅಜಿತಪುರಾಣವನ್ನು ಮುಗಿಸಿ, ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು. ಅವನ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂಬುದು ಇನ್ನೊಂದು ಹೆಸರು. ತೈಲಪನ ಮಗನಾದ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ಭೀಮನ ವಿಜಯವನ್ನು ಹಾಡುವ ನೆವದಿಂದ ಸತ್ಯಾಶ್ರಯನನ್ನು ಕೀರ್ತಿಸುವುದು ಕವಿಯ ಪ್ರತಿಜ್ಞೆ. ಅನ್ನವಿಟ್ಟ ದೊರೆಯೇ ಕಾವ್ಯದ ನಾಯಕ. ಇಂತಹ ಕಟ್ಟಿನೊಳಗೆ ದುರ್ಯೋಧನನು ಹೀನನಾದಷ್ಟೂ ಭೀಮನು ಹೊಳೆಯುವನೆಂದು ಸಾಮಾನ್ಯ ಕವಿಯು ಭಾವಿಸುತ್ತಿದ್ದನು. ರನ್ನನು ಮಾಡಿದುದು ಬೇರೆ.

ಹದಿನೆಂಟನೆಯ ದಿನ ಸಂಜಯನೊಡನೆ ದುರ್ಯೋಧನನು ರಣರಂಗದಲ್ಲಿ ನಡೆಯುವನು. ದ್ರೋಣನ ಕಳೇಬರವನ್ನು ಕಾಣುವನು, ಮಗನಾದ ಲಕ್ಷಣಕುಮಾರನನ್ನು ಕಾಣುವನು, ದುಶ್ಶಾಸನನನ್ನು ಕಾಣುವನು, ಕರ್ಣನ ಬಳಿಯಲ್ಲಿ ಕುಸಿಯುವನು. ಇವರ ನಡುವೆ ಶತ್ರುವಿನ ಮಗನಾದ ಅಭಿಮನ್ಯುವೂ ಬಿದ್ದಿರುವನು. ಅವನ ಸಾಹಸವನ್ನು ದುರ್ಯೋಧನನು ಕೈಮುಗಿದು ಕೊಂಡಾಡುವನು. ಧೃತರಾಷ್ಟ್ರನೂ ಗಾಂಧಾರಿಯೂ ಬಂದು ಸಂಧಿಯಾಗೆಂದು ಬೇಡುವರು. ಶರಶಯ್ಯೆಯಲ್ಲಿರುವ ಭೀಷ್ಮನೂ ಅದನ್ನೇ ಹೇಳುವನು. ಲಕ್ಷಣಕಾರನ ಕಣ್ಣಿನಿಂದ ನೋಡಿದರೆ ಇಲ್ಲಿ ಅವನು ಒಪ್ಪದಿರುವುದು ಸ್ತಬ್ಧತೆ, ಬರಿಯ ಹಟ. ಆದರೆ ಆ ಹಟದ ಒಳಗಿರುವುದು ಕರ್ಣನ ಋಣ, ದುಶ್ಶಾಸನನ ಋಣ. ತನಗಾಗಿ ಸತ್ತವರನ್ನು ಹಿಂದೆ ಬಿಟ್ಟು ಕೊಂದವರೊಡನೆ ರಾಜ್ಯವನ್ನು ಹಂಚಿ ಉಣ್ಣುವುದು ಅವನಿಂದ ಆಗದು. ಉಳಿಯುವ ದಾರಿ ಅವನ ಮುಂದೆ ತೆರೆದೇ ಇದೆ. ಅದನ್ನು ಮುಚ್ಚುವವನು ಅವನೇ. ಮುಚ್ಚಲು ಬಳಸಿದ ಬಾಗಿಲಾದರೋ ಅವನಲ್ಲಿದ್ದ ಗುಣಗಳಲ್ಲೆಲ್ಲ ಉತ್ತಮವಾದ ಸ್ನೇಹವೇ.

ಭಟ್ಟನಾರಾಯಣನ ವೇಣೀಸಂಹಾರದಲ್ಲಿಯೂ ತಂದೆತಾಯಿಗಳು ಬಂದು ಸಂಧಿಯನ್ನು ಬೇಡುವ ಸಂದರ್ಭವುಂಟು, ರನ್ನನು ಆ ನಾಟಕಕ್ಕೂ ಪಂಪನ ವಿಕ್ರಮಾರ್ಜುನವಿಜಯಕ್ಕೂ ಋಣಿಯೆಂಬುದು ವಿದ್ವದ್ವಿದಿತ. 1912ರಿಂದ ಅಚ್ಚಾಗತೊಡಗಿದ ಭಾಸನಾಟಕಗಳಲ್ಲಿ ಊರುಭಂಗವು ದುರ್ಯೋಧನನಿಗೆ ಗೌರವದ ಮರಣವನ್ನು ಕೊಟ್ಟಿದೆ. ಆದುದರಿಂದ ಕಲ್ಪನೆಯೆಲ್ಲ ರನ್ನನದೇ ಎಂದು ವಾದಿಸಲಾಗದು. ವಾದಿಸಬೇಕಾದ ಅಗತ್ಯವೂ ಇಲ್ಲ. ಗದಾಯುದ್ಧದ ನಾಯಕನು ಭೀಮನೋ ದುರ್ಯೋಧನನೋ ಎಂಬ ಚರ್ಚೆಯಲ್ಲಿ ವಿಮರ್ಶಕರು ವ್ಯಯಿಸಿದ ಶ್ರಮವೂ ಅಷ್ಟೇನೂ ಫಲ ಕೊಟ್ಟಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ ಆಶ್ರಯದಾತನ ಸ್ತುತಿಗಾಗಿ ಹೊರಟ ಕಾವ್ಯದಲ್ಲಿ ಆಶ್ರಯದಾತನೊಡನೆ ಸಮೀಕೃತನಾದ ಭೀಮನಿಗೆ ಇಂತಹ ಒಂದು ಗಳಿಗೆಯೂ ಇಲ್ಲದಿರುವುದು. ಭೀಮನ ಪ್ರತಿಜ್ಞೆ ಮೊದಲೇ ಆಗಿಹೋಗಿದೆ. ಅವನು ಅದನ್ನು ತೀರಿಸುವವನು, ಗರ್ಜಿಸುವವನು, ಹುಡುಕುವವನು. ಅವನು ಏನು ಮಾಡುವನೆಂಬುದರಲ್ಲಿ ಓದುಗನಿಗೆ ಸಂದೇಹವೇ ಹುಟ್ಟದು. ಸತ್ಯಾಶ್ರಯನು ತನ್ನ ಪಾಲಿಗೆ ಬಂದ ಪಾತ್ರದಿಂದ ತೃಪ್ತನಾದನೆಂದೇ ಊಹಿಸಬೇಕು.

ರನ್ನನಿಂದ ಸುಮಾರು ನೂರು ವರ್ಷ ಈಚೆಗೆ ಬಂದವನು ನಾಗಚಂದ್ರ. ಅವನ ಕಾಲವನ್ನು ಕವಿಚರಿತೆಕಾರರಾದ ಆರ್. ನರಸಿಂಹಾಚಾರ್ಯರು ಸುಮಾರು 1100 ಎಂದು ನಿರ್ಣಯಿಸಿದರು. ಆ ಹೊತ್ತಿಗೆ ವಿಜಯಪುರವು ಪ್ರಸಿದ್ಧ ಪಟ್ಟಣವಾಗಿದ್ದಿತು. ನಗರದ ಅರ್ಕಿಲ್ಲೆಯಲ್ಲಿ 1320ರಲ್ಲಿ ಕರೀಮುದ್ದೀನನು ಕಟ್ಟಿಸಿದ ಮಸೀದಿಗೆ ಹಳೆಯ ದೇವಾಲಯಗಳ ಕಂಬಗಳೇ ಬಳಕೆಯಾಗಿವೆ. ಅಲ್ಲಿಯ 1074ರ ಶಾಸನವು ಭುವನೈಕಮಲ್ಲ ಸೋಮೇಶ್ವರನ ಕಾಲದ್ದು. ಆದಿಲಶಾಹಿಗಳ ಗುಮ್ಮಟಗಳನ್ನು ನೋಡಲು ಬರುವವರು ಅವಕ್ಕೂ ಐದಾರು ಶತಮಾನ ಹಿಂದೆ ಇಲ್ಲಿ ನಡೆದ ಕಾವ್ಯಗೋಷ್ಠಿಗಳನ್ನು ನೆನೆಯುವುದು ಕಡಿಮೆ. ನಾಗಚಂದ್ರನು ಬಾಲಚಂದ್ರಮುನಿಯ ಶಿಷ್ಯ; ಮಲ್ಲಿನಾಥಪುರಾಣ, ರಾಮಚಂದ್ರಚರಿತಪುರಾಣಗಳು ಅವನ ಎರಡು ಚಂಪೂಕಾವ್ಯಗಳು. ಎರಡನೆಯದೇ ಪಂಪರಾಮಾಯಣವೆಂದು ಹೆಸರಾಗಿ ಬಿ. ಎಲ್. ರೈಸರಿಂದ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮುದ್ರಿತವಾಯಿತು.

ಪಂಪರಾಮಾಯಣದ ರಾವಣನು ವಾಲ್ಮೀಕಿಯ ರಾವಣನಲ್ಲ. ಅವನು ವಿದ್ಯಾಧರ ಚಕ್ರವರ್ತಿ, ಜಿನಭಕ್ತ, ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ಹಿಡಿದವನು. ನಳಕೂಬರನ ಪತ್ನಿಯಾದ ಉಪರಂಭೆಯು ತಾನಾಗಿ ಒಲಿದು ಬಂದರೂ ಅವಳನ್ನು ಸ್ವೀಕರಿಸದೆ ಗಂಡನಲ್ಲಿಯೇ ಬಾಳೆಂದು ತಿಳಿಹೇಳಿದವನು. ಇಂತಹವನು ಸೀತೆಯನ್ನು ಕಂಡು ಚಲಿಸುವನು. ಮರ್ಯಾದೆಯನ್ನು ಮೀರದ ಸಮುದ್ರಕ್ಕೂ ಒಮ್ಮೆ ಹಾಗಾಗುವುದುಂಟೆಂಬ ಅರ್ಥದಲ್ಲಿ ಕವಿಯು ಇಲ್ಲಿ ತಂದ ಉಪಮೆಯನ್ನು ಕನ್ನಡದ ಓದುಗರೆಲ್ಲರೂ ಬಲ್ಲರು. ವಿದ್ಯಾಬಲದಿಂದ ಸಿಂಹನಾದವನ್ನು ಮಾಡಿಸಿ, ಅದು ಲಕ್ಷ್ಮಣನ ಕೂಗೆಂದು ರಾಮನು ಓಡುವಂತೆ ಮಾಡಿ, ಸೀತೆಯನ್ನು ಕೊಂಡೊಯ್ಯುವನು. ವ್ರತವು ಅವನ ಕೈಯನ್ನು ತಡೆಯುವುದು, ಮನಸ್ಸನ್ನು ತಡೆಯದು. ಈ ಕೈಗೂ ಮನಸ್ಸಿಗೂ ನಡುವಿನ ಇಕ್ಕಟ್ಟಿನಲ್ಲಿಯೇ ಕಾವ್ಯದ ಉತ್ತರಾರ್ಧವು ನಡೆಯುವುದೆನ್ನಬೇಕು.

ಪಾತ್ರದ ಮರ್ಮವು ವ್ಯಕ್ತವಾಗುವುದು ಬಹುರೂಪಿಣೀ ವಿದ್ಯೆಯ ಸಿದ್ಧಿಯಾದ ಮೇಲೆ. ಶಾಂತಿನಾಥನ ಬಸದಿಯಲ್ಲಿ ಧ್ಯಾನಕ್ಕೆ ಕುಳಿತವನನ್ನು ಕಪಿಧ್ವಜರಾದ ವೀರರು ಬಂದು ಕಾಡಿದರೂ ಅವನು ಕದಲಲಿಲ್ಲ. ವಿದ್ಯೆ ವಶವಾಯಿತು, ಇನ್ನು ಗೆಲುವು ತನ್ನದೇ ಎಂಬ ನಿಶ್ಚಯ ಬಂದಿತು. ಆ ಉಬ್ಬಿನಿಂದ ಪ್ರಮದವನಕ್ಕೆ ಹೋಗಿ, ರಾಮಲಕ್ಷ್ಮಣರ ಅಂತ್ಯ ಸಮೀಪಿಸಿತೆಂದೂ ಇನ್ನಾದರೂ ಒಲಿಯೆಂದೂ ಸೀತೆಗೆ ಹೇಳುವನು. ಕೇಳಿದೊಡನೆ ಅವಳು ಮೂರ್ಛೆಹೋಗುವಳು. ನೆಲದ ಮೇಲೆ ಪ್ರಾಣವಿಲ್ಲದವಳಂತೆ ಬಿದ್ದವಳನ್ನು ಕಂಡ ರಾವಣನಿಗೆ ಅದುವರೆಗೆ ಮಂಡೋದರಿಯ ಮಾತಿನಿಂದಾಗಲಿ ವಿಭೀಷಣನ ಹಿತವಚನದಿಂದಾಗಲಿ ಕಾಣದಿದ್ದುದು ಕಾಣುವುದು. ಕೂಡಿದ್ದ ಎರಡು ಜೀವಗಳನ್ನು ಅಗಲಿಸಿದೆನೆಂಬ ಜುಗುಪ್ಸೆ ತನ್ನ ಮೇಲೆಯೇ ಹುಟ್ಟುವುದು. ಕಾಮವು ಅಳಿಯುವುದು. ಸೀತೆಯನ್ನು ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುವನು.

ಅಷ್ಟರಲ್ಲಿ ಇನ್ನೊಂದು ಯೋಚನೆ. ಈಗಲೇ ಒಪ್ಪಿಸಿದರೆ ಲೋಕವು ಅದನ್ನು ಭಯವೆಂದು ತಿಳಿಯುವುದು. ಮೊದಲು ರಣದಲ್ಲಿ ರಾಮಲಕ್ಷ್ಮಣರನ್ನು ಗೆದ್ದು, ಸೆರೆಹಿಡಿದು ತಂದು, ಆಮೇಲೆ ಸೀತೆಯನ್ನು ರಾಮನಿಗೆ ಕೊಡಬೇಕು. ಮರುದಿನದ ಯುದ್ಧದಲ್ಲಿ ಲಕ್ಷ್ಮಣನ ಚಕ್ರದಿಂದ ಅವನು ಹತನಾಗುವನು.

ಇಲ್ಲಿ ಎರಡು ನಿಶ್ಚಯಗಳಿವೆ. ಎರಡೂ ಸ್ವರೂಪದಲ್ಲಿ ಒಳ್ಳೆಯವು. ಮೊದಲನೆಯದು ಪಶ್ಚಾತ್ತಾಪದಿಂದ, ಎರಡನೆಯದು ಕ್ಷತ್ರಿಯಾಭಿಮಾನದಿಂದ ಹುಟ್ಟಿದುದು. ಮೊದಲನೆಯದು ಒಂದೇ ಬಂದಿದ್ದರೆ ರಾವಣನು ಉಳಿಯುತ್ತಿದ್ದನು, ಕಾವ್ಯವು ಒಂದು ನೀತಿಕಥೆಯಾಗಿ ಮುಗಿಯುತ್ತಿತ್ತು. ಎರಡನೆಯದೇ ಇದ್ದಿದ್ದರೆ ಅವನು ದಶರೂಪಕದ ಪ್ರತಿನಾಯಕನಾಗಿ ಸಾಯುತ್ತಿದ್ದನು. ಪಾಪವನ್ನು ಬಿಟ್ಟ ದಿನದ ಮರುದಿನವೇ ಆ ಪಾಪಕ್ಕಾಗಿ ಸಾಯುವ ಮನುಷ್ಯನನ್ನು ಯಾವ ಲಕ್ಷಣದೊಳಗೆ ಸೇರಿಸುವುದು? ಅವನನ್ನು ಕೊಂದುದು ಅವನ ದೋಷವೆಂದು ಸಂಪೂರ್ಣವಾಗಿ ಹೇಳುವಂತಿಲ್ಲ. ಅವನ ಶೌರ್ಯಕ್ಕೂ ಅದರಲ್ಲಿ ಪಾಲಿದೆ. ಪಾತ್ರದ ಅರ್ಥವು ಈ ಒಂದು ರಾತ್ರಿಯ ಅವಧಿಯಲ್ಲಿ ಅಡಗಿದೆ: ಬೇರೆಯವನಾಗಲು ಅವನಿಗೆ ಸಾಧ್ಯವಾಯಿತು, ಆಗಲು ಅವನು ಮನಸ್ಸನ್ನೂ ಮಾಡಿದನು, ಆದರೆ ಅದನ್ನು ಒಂದು ದಿನ ಮುಂದಕ್ಕೆ ಹಾಕಿದನು. ಇಂತಹ ಮುಂದೂಡಿಕೆಯನ್ನು ತನ್ನ ಬಾಳಿನಲ್ಲಿ ಅರಿಯದ ಸಹೃದಯನಿಲ್ಲವಾದುದರಿಂದ ಸಾಧಾರಣೀಕರಣಕ್ಕೆ ಬೇರೆ ಪ್ರಯತ್ನವೇ ಬೇಕಾಗದು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಈ ಪ್ರಸಂಗವು ನಾಗಚಂದ್ರನ ಸ್ವಂತದ್ದಲ್ಲ, ವಿಮಲಸೂರಿಯ ಪ್ರಾಕೃತ ಪಉಮಚರಿಯದಲ್ಲಿಯೂ ಅದನ್ನು ಅನುಸರಿಸಿದ ರವಿಷೇಣನ 7ನೆಯ ಶತಮಾನದ ಪದ್ಮಪುರಾಣದಲ್ಲಿಯೂ ಇದೆಯೆಂಬುದು ಒಂದು. ನಿಜವೇ. ಆದರೆ ಅಲ್ಲಿ ಅದು ವಿದ್ಯಾಧರವಂಶಗಳ, ಭವಾವಳಿಗಳ, ಉಪಾಖ್ಯಾನಗಳ ದಟ್ಟವಾದ ಕಾಡಿನಲ್ಲಿ ಒಂದು ಮರ. ನಾಗಚಂದ್ರನು ಕಾಡನ್ನು ಕಡಿದು ಮರವನ್ನು ಉಳಿಸಿದನು. ಕವಿಯ ಕೆಲಸದಲ್ಲಿ ಬಿಡುವುದೂ ಸೃಷ್ಟಿಯ ಒಂದು ಬಗೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ರಾಮಾಯಣದಂತಹ ಸಿದ್ಧರಸವಾದ ಕಥೆಗಳಲ್ಲಿ ರಸವಿರೋಧಿಯಾದ ಸ್ವೇಚ್ಛೆಯನ್ನು ಸೇರಿಸಬಾರದೆಂದು ಧ್ವನಿಕಾರನು ಮೂರನೆಯ ಉದ್ಯೋತದಲ್ಲಿ ಎಚ್ಚರಿಸಿರುವನು. ರಾವಣನನ್ನು ಪಶ್ಚಾತ್ತಪ್ತನನ್ನಾಗಿ ಮಾಡಿದರೆ ರಾಮನ ವೀರರಸಕ್ಕೆ ಹಾನಿಯಲ್ಲವೇ? ಜೈನ ಸಂಪ್ರದಾಯದಲ್ಲಿ ರಾಮನು ಬಲದೇವ, ಲಕ್ಷ್ಮಣನು ವಾಸುದೇವ, ರಾವಣನು ಪ್ರತಿವಾಸುದೇವ; ಕೊಲ್ಲುವವನು ಲಕ್ಷ್ಮಣ. ರಾಮನ ಕೈಗೆ ಆ ರಕ್ತವೇ ಅಂಟದು. ಮೇಲಾಗಿ ಕಾವ್ಯದ ಅಂಗಿರಸವು ಶಾಂತದ ಕಡೆಗೆ ಒಲಿದುದು. ಮೂರ್ಛಿತಳಾದ ಸೀತೆಯ ಮುಂದೆ ನಿಂತ ರಾವಣನಲ್ಲಿ ಹುಟ್ಟುವ ನಿರ್ವೇದವು ಆ ಶಾಂತಕ್ಕೆ ಪೋಷಕವೇ ಹೊರತು ವಿರೋಧಿಯಲ್ಲ. ಧ್ವನಿಕಾರನ ಎಚ್ಚರಿಕೆಯನ್ನು ನಾಗಚಂದ್ರನು ಮೀರಿಲ್ಲ. ಕಥೆಯ ರಸವೇ ಬೇರೆಯೆಂದು ತೋರಿಸಿದನು.

ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ಗ್ರೀಕರ ರುದ್ರನಾಯಕನ ಲಕ್ಷಣವನ್ನು ಕಂಡು ಬರೆದ ಮೇಲೆ ಪಂಪರಾಮಾಯಣವನ್ನು ಪಾಠ ಹೇಳುವವರೆಲ್ಲರೂ ಆ ದಾರಿಯನ್ನೇ ಹಿಡಿದರು. ಸೊಫೋಕ್ಲಿಸನ ಅಜಾಕ್ಸನನ್ನು ಅಶ್ವತ್ಥಾಮನನ್ನಾಗಿ ಮಾಡಿ 1929ರಲ್ಲಿ ಕನ್ನಡಕ್ಕೆ ತಂದ ಆ ಮಹನೀಯರ ದೃಷ್ಟಿಯು ಬೆಲೆಯುಳ್ಳದ್ದು. ಹಳೆಯ ಕಾವ್ಯವು ಅದರಿಂದ ಹೊಸದಾಗಿ ಓದಿಸಿಕೊಂಡಿತು. ಆದರೂ ಒಂದು ಭೇದವನ್ನು ಮರೆಯಲಾಗದು. ಗ್ರೀಕ್ ನಾಯಕನ ಕಥೆಯು ಅವನ ಪತನದೊಡನೆ ಮುಗಿಯುವುದು. ಜೈನಪುರಾಣದ ರಾವಣನ ಜೀವವು ನರಕದ ಯಾತನೆಯನ್ನು ಅನುಭವಿಸಿ, ಅನೇಕ ಭವಗಳನ್ನು ಕಳೆದು, ಮುಂದೊಮ್ಮೆ ತೀರ್ಥಂಕರ ಪದವಿಯನ್ನು ಪಡೆಯುವುದು. ಮುಂದೂಡಿದ ನಿಶ್ಚಯವು ಎಂದೋ ಒಂದು ದಿನ ನೆರವೇರಲಿದೆಯೆಂಬ ಆಶ್ವಾಸನವು ಈ ಕಾವ್ಯದ ಓದುಗರಿಗೆ ಇದ್ದಿತು. ಈ ಕಾಲದ ಓದುಗನಿಗೆ ಅದಿಲ್ಲವಾಗಿ ಅವನ ಪಾಲಿಗೆ ರಾವಣನ ಮರಣವು ಹೆಚ್ಚು ಕಹಿಯಾಗಿದೆ.

ಇನ್ನು ತಿಕೋಟೆಯ ದಾರಿಯ ತೊರವೆ. ನರಹರಿಯೆಂಬ ಹೆಸರಿನ ಕವಿಯು ಕುಮಾರವಾಲ್ಮೀಕಿಯೆಂದು ಕರೆದುಕೊಂಡು ಇಲ್ಲಿಯ ನರಸಿಂಹನ ಸನ್ನಿಧಿಯಲ್ಲಿ ಭಾಮಿನೀಷಟ್ಪದಿಯ ರಾಮಾಯಣವನ್ನು ರಚಿಸಿದನು. ಕವಿಚರಿತೆಯು ಅವನಿಗೆ ಸುಮಾರು 1500ರ ಕಾಲವನ್ನು ಕೊಟ್ಟಿದೆ. ಇನ್ನೂ ಈಚಿನವನೆಂದು ವಾದಿಸುವವರೂ ಉಂಟು. ಗದುಗಿನ ವೀರನಾರಾಯಣನ ಅಂಕಿತದಲ್ಲಿ ಕುಮಾರವ್ಯಾಸನು ಭಾರತಕ್ಕೆ ಮಾಡಿದುದನ್ನು ರಾಮಾಯಣಕ್ಕೆ ಮಾಡಬೇಕೆಂಬ ಹಂಬಲವು ಅವನ ಹೆಸರಿನಲ್ಲಿಯೇ ಇದೆ. ಆ ಎತ್ತರಕ್ಕೆ ಅವನು ಏರಲಿಲ್ಲ. ಐದು ಸಾವಿರದಷ್ಟು ಪದ್ಯಗಳಲ್ಲಿ ಯುದ್ಧಕಾಂಡವೇ ಮಿಗಿಲಾಗಿ ಹರಡಿ, ಬಾಣಗಳ ಲೆಕ್ಕದಲ್ಲಿ ಓದುಗನು ದಣಿಯುವನು. ಆದರೆ ವಿದ್ವತ್ಸಭೆಯ ಚಂಪುವಿನಿಂದ ರಾಮಕಥೆಯನ್ನು ಊರ ಗುಡಿಯ ಪುರಾಣಶ್ರವಣಕ್ಕೆ ತಂದವರಲ್ಲಿ ಅವನು ಮುಖ್ಯನೆಂಬುದನ್ನು ಅಲ್ಲಗಳೆಯಲಾಗದು. ಕೇಳುವವರು ಬದಲಾದುದರಿಂದ ಪಾತ್ರಗಳೂ ಬದಲಾದುವು.

ಪಾತ್ರವು ಅರ್ಥವನ್ನು ಹೇಗೆ ಕಳೆದುಕೊಳ್ಳುವುದೆಂಬುದಕ್ಕೂ ಹೇಗೆ ಉಳಿಸ���ಕೊಳ್ಳುವುದೆಂಬುದಕ್ಕೂ ತೊರವೆ ರಾಮಾಯಣದಲ್ಲಿ ನಿದರ್ಶನಗಳಿವೆ. ಮೊದಲನೆಯದಕ್ಕೆ ಮಂಥರೆ. ವಾಲ್ಮೀಕಿಯಲ್ಲಿ ಅವಳು ಕೈಕೇಯಿಯ ತವರಿನಿಂದ ಬಂದ ದಾಸಿ. ಪ್ರಾಸಾದವನ್ನೇರಿ ನಗರದ ಸಂಭ್ರಮವನ್ನು ಕಂಡು ಉರಿಯುವವಳು. ಭಾರತದ ರಾಮೋಪಾಖ್ಯಾನವು ಅವಳನ್ನು ದೇವಕಾರ್ಯಕ್ಕಾಗಿ ಹುಟ್ಟಿದ ದುಂದುಭಿಯೆಂಬ ಗಂಧರ್ವಿಯೆಂದಿತು. ಅಧ್ಯಾತ್ಮರಾಮಾಯಣವು ಸರಸ್ವತಿಯನ್ನು ಅವಳೊಳಗೆ ಹೊಗಿಸಿತು. ಕುಮಾರವಾಲ್ಮೀಕಿಯು ಅವಳನ್ನು ವಿಷ್ಣುಮಾಯೆಯೆಂದೇ ಮಾಡಿದನು. ಇದರಲ್ಲಿ ಕವಿಯ ದಯೆಯಿದೆಯೆಂಬುದು ಸ್ಪಷ್ಟ: ಮಾಯೆಯೇ ಆಡಿದ ಮೇಲೆ ಕೈಕೇಯಿಯನ್ನಾಗಲಿ ಗೂನಿಯನ್ನಾಗಲಿ ದೂಷಿಸುವುದೇಕೆ? ಗುಡಿಯ ಜಗಲಿಯ ಮೇಲೆ ಕುಳಿತು ಕೇಳುವ ಭಕ್ತನಿಗೆ ಸಮಾಧಾನ. ಆದರೆ ದೋಷದೊಡನೆ ವ್ಯಕ್ತಿಯೂ ಹೊರಟುಹೋದಳು. ಅವಳು ಆಡುವ ಮಾತು ಅವಳದಲ್ಲ, ಅವಳ ಹೊಟ್ಟೆಯ ಉರಿಯೂ ಅವಳದಲ್ಲ. ಉಳಿದುದು ದೇವತೆಗಳ ಕೈಯ ಸೂತ್ರದ ಗೊಂಬೆ.

ದೈವವನ್ನು ಕಥೆಯಲ್ಲಿ ತಂದುದೇ ತಪ್ಪೆಂದು ಹೇಳಿದರೆ ಅದು ಸಾಹಸವಾದೀತು. ಕಾಳಿದಾಸನು ಮೂಲಕಥೆಯಲ್ಲಿಲ್ಲದ ದುರ್ವಾಸಶಾಪವನ್ನು ತಂದು ದುಷ್ಯಂತನ ಮರೆವಿನ ಹೊಣೆಯನ್ನು ಇಳಿಸಿದನು. ಅದನ್ನು ಕುಂತಕನು ಪ್ರಕರಣವಕ್ರತೆಗೆ ಉತ್ತಮ ಉದಾಹರಣೆಯೆಂದು ಮೆಚ್ಚಿದನು. ಆದರೆ ಉಂಗುರವು ಸಿಕ್ಕಿದ ಮೇಲೆ ಆರನೆಯ ಅಂಕವಿಡೀ ದುಷ್ಯಂತನು ಬೇಯುವನು. ಶಾಪವು ಮರೆವನ್ನು ಕೊಟ್ಟಿತು, ತಾಪವನ್ನು ಅವನಿಂದ ಕಿತ್ತುಕೊಳ್ಳಲಿಲ್ಲ. ನಾಗಚಂದ್ರನ ರಾವಣನೂ ಪ್ರತಿವಾಸುದೇವನಾದುದರಿಂದ ಸಾಯಲೇಬೇಕೆಂಬುದು ಪುರಾಣದ ನಿಯತಿ. ಆದರೂ ಸಾವಿನ ಕಡೆಗೆ ಅವನು ನಡೆದುದು ತನ್ನ ಕಾರಣಗಳಿಂದಲೇ. ಮಂಥರೆಗೆ ಕವಿಯು ಅಂತಹ ಒಂದು ಕಾರಣವನ್ನೂ ಬಿಡಲಿಲ್ಲ. 1949ರಲ್ಲಿ ಪ್ರಕಟವಾದ ಶ್ರೀರಾಮಾಯಣದರ್ಶನದಲ್ಲಿ ಕುವೆಂಪು ಅವರು ಅವಳಿಗೆ ಭರತನ ಮೇಲಣ ಕುರುಡು ಮಮತೆಯನ್ನು ಕೊಟ್ಟು ಆ ಕೊರತೆಯನ್ನು ತುಂಬಿದರು. ಮಮತೆಯು ಅವಳದಾದೊಡನೆ ಅಪರಾಧವೂ ಅವಳದಾಯಿತು, ಅವಳಿಗಾಗಿ ಮರುಗುವುದೂ ಸಾಧ್ಯವಾಯಿತು.

ಎರಡನೆಯ ನಿದರ್ಶನ ಕುಮಾರವಾಲ್ಮೀಕಿಯ ರಾವಣ. ಇವನಿಗೆ ರಾಮನು ಹರಿಯೆಂಬುದು ತಿಳಿದಿದೆ. ತಿಳಿದೂ ಕಾದುವನು. ಇದು ವಿರೋಧಭಕ್ತಿಯೆಂದು ಪೌರಾಣಿಕರು ಒಂದೇ ಮಾತಿನಲ್ಲಿ ಮುಗಿಸುವರು. ಹಾಗೆ ಮುಗಿಸಿದರೆ ಇವನೂ ಮಂಥರೆಯ ಸಾಲಿಗೆ ಸೇರಿ ಗೊಂಬೆಯಾಗುವನು. ಆದರೆ ಕವಿಯ ಕೈ ಅವನ ಸಿದ್ಧಾಂತಕ್ಕಿಂತ ಮುಂದೆ ಹೋಗಿದೆ. ಕಡೆಯ ಯುದ್ಧಕ್ಕೆ ಹೊರಡುವ ಮುನ್ನ ರಾವಣನು ಕೂಡಿಟ್ಟ ಐಶ್ವರ್ಯವನ್ನು ದಾನಮಾಡುವನು. ಗೆಲ್ಲುವೆನೆಂದು ನಂಬಿದವನು ಭಂಡಾರವನ್ನು ಬರಿದುಮಾಡುವುದಿಲ್ಲ. ಮುಕ್ತಿಯೊಂದನ್ನೇ ಬಯಸುವವನು ರಥವನ್ನೇರಬೇಕಾಗಿಲ್ಲ, ವಿಭೀಷಣನಂತೆ ಹೋಗಿ ಕಾಲಿಗೆ ಬೀಳಬಹುದು. ಆ ದಾರಿಯೂ ತೆರೆದಿತ್ತು. ರಾಮನು ಶರಣಾಗತನನ್ನು ಬಿಡುವವನಲ್ಲವೆಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಲಂಕೆಯಲ್ಲಿ ಇನ್ನಾರೂ ಇಲ್ಲ. ಸೋಲು ನಿಶ್ಚಿತವೆಂದು ತಿಳಿದು, ಕೊಡಬೇಕಾದವರಿಗೆ ಕೊಟ್ಟು, ತನಗಾಗಿ ಮಡಿದ ಮಕ್ಕಳ ಮತ್ತು ತಮ್ಮನ ಹಿಂದೆ ಹೊರಡುವ ಈ ವೃದ್ಧನಲ್ಲಿ ಮುದುವೊಳಲಿನ ಕವಿಯ ದುರ್ಯೋಧನನ ಛಾಯೆ ಕಾಣುವುದು. ನಾಗಚಂದ್ರನ ರಾವಣನು ನಾಳೆ ಗೆಲ್ಲುವೆನೆಂದು ನಂಬಿ ಹೋದವನು. ತೊರವೆಯ ರಾವಣನು ನಾಳೆಯಿಲ್ಲವೆಂದು ಬಲ್ಲವನು. ಒಂದೇ ಹೆಸರಿನ, ಒಂದೇ ಅಂತ್ಯದ ಇಬ್ಬರು ಬೇರೆಬೇರೆ ಮನುಷ್ಯರು, ಐದಾರು ಕಿಲೋಮೀಟರುಗಳ ಅಂತರದಲ್ಲಿ ಹುಟ್ಟಿದವರು.

ತೊರವೆಯ ನೆರೆಯಲ್ಲಿಯೇ ಎರಡನೆಯ ಇಬ್ರಾಹೀಮ ಆದಿಲಶಹನು 1599ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನೆಂಬುದನ್ನು ಪ್ರಸಂಗವಶಾತ್ ಹೇಳಬೇಕು. ಸಂಗೀತಪ್ರೇಮಿಯಾದ ಆ ದೊರೆಯು ದಖನಿ ಭಾಷೆಯಲ್ಲಿ ಕಿತಾಬ್-ಎ-ನವರಸ್ ಎಂಬ ಗೀತಗ್ರಂಥವನ್ನು ರಚಿಸಿ, ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. ಭರತಮುನಿಯ ಪರಂಪರೆಯ ರಸಗಳ ಹೆಸರನ್ನು ನಗರಕ್ಕಿಟ್ಟ ಅರಸರು ಬೇರೆಡೆಯಲ್ಲಿ ವಿರಳ. ನಗರವು ಪೂರ್ಣವಾಗುವ ಮುಂಚೆಯೇ 1624ರಲ್ಲಿ ಮಲಿಕ್ ಅಂಬರನ ಸೈನ್ಯವು ಅದನ್ನು ಹಾಳುಗೆಡವಿತು. ಪಕ್ಕದ ಊರಿನ ಷಟ್ಪದಿಯಾದರೋ ಆ ಸೈನ್ಯದ ದೃಷ್ಟಿಗೆ ಬೀಳಲಿಲ್ಲ. ಓಲೆಗರಿಗಳಲ್ಲಿಯೂ ಗಮಕಿಗಳ ಕಂಠಗಳಲ್ಲಿಯೂ ಉಳಿಯಿತು.

ಅಷ್ಟೇ ಅಲ್ಲ, ದೂರಕ್ಕೂ ಹೋಯಿತು. ಕಾಸರಗೋಡು ಸೀಮೆಯ ಕುಂಬಳೆಯ ಪಾರ್ತಿಸುಬ್ಬನು ತನ್ನ ರಾಮಾಯಣದ ಯಕ್ಷಗಾನ ಪ್ರಸಂಗಗಳಿಗೆ ತೊರವೆ ರಾಮಾಯಣವನ್ನೇ ಮುಖ್ಯ ಆಧಾರವಾಗಿ ಇಟ್ಟುಕೊಂಡನು. ಕೃಷ್ಣಾತೀರದ ಕರಿಯ ನೆಲದಲ್ಲಿ ಹುಟ್ಟಿದ ರಾವಣನು ಹೀಗೆ ಪಡುಗಡಲ ತೀರದ ಬಯಲಿಗಿಳಿದು, ಬಣ್ಣದ ವೇಷ ಕಟ್ಟಿ, ಚೆಂಡೆಯ ಪೆಟ್ಟಿಗೆ ಕುಣಿಯತೊಡಗಿದನು. ತಾಳಮದ್ದಳೆಯಲ್ಲಿ ವೇಷವೂ ಇಲ್ಲ. ಭಾಗವತನು ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಯು ಕುಳಿತಲ್ಲಿಯೇ ರಾವಣನಾಗಿ ಮಾತನಾಡಬೇಕು. ಪದ್ಯವು ನಿಯತ, ಕಥೆಯ ಅಂತ್ಯವೂ ನಿಯತ. ಸೀತೆಯನ್ನು ಏಕೆ ಬಿಡಲಿಲ್ಲ, ಬಿಡಲು ಎಂದು ಮನಸ್ಸಾಗಿತ್ತು, ಏಕೆ ತಡವಾಯಿತು ಎಂಬುದಕ್ಕೆ ಕಾರಣಗಳನ್ನು ಮಾತ್ರ ಪ್ರತಿಯೊಬ್ಬ ಅರ್ಥಧಾರಿಯೂ ಆ ರಾತ್ರಿ ತಾನೇ ಹುಡುಕಿ ಹೇಳಬೇಕಾಗುವುದು. ಮರುರಾತ್ರಿ ಅವನೇ ರಾಮನ ಅರ್ಥಕ್ಕೆ ಕುಳಿತು, ಇನ್ನೊಬ್ಬನು ಹೇಳುವ ಬೇರೆಯ ಕಾರಣಗಳಿಗೆ ಉತ್ತರ ಕೊಡುವನು.